ಕಡಲಾಮೆ ಸಂರಕ್ಷಣೆ

ಉಪ್ಪುನೀರಿನಲ್ಲಿ ಬಾಳಿ, ಮೊಟ್ಟೆಯಿಡುವುದಕ್ಕಷ್ಟೇ ನೆಲ ಹತ್ತುವ ಸರೀಸೃಪ ಕಡಲಾಮೆ. ಕೆರೆಯಾಮೆಯಂತೆ ಇದು ತಲೆಯನ್ನೂ ಕಾಲನ್ನೂ ಚಿಪ್ಪಿನೊಳಕ್ಕೆ ಎಳೆದುಕೊಳ್ಳಲಾರದು; ಕಾಲುಗಳು ದೋಣಿಯ ಹುಟ್ಟಿನಂತೆ ಚಪ್ಪಟೆಯಾಗಿ ಈಜಿಗೆ ಒಗ್ಗಿವೆ. ಶ್ವಾಸಕೋಶದಿಂದ ಉಸಿರಾಡುವ ಪ್ರಾಣಿಯಾದ್ದರಿಂದ ಆಗಾಗ ನೀರಿನ ಮೇಲಕ್ಕೆ ಬರಲೇಬೇಕು. ಮುಂದೆ ಹೇಳುವ ಬಹುಪಾಲು ಕತೆಗೆ ಈ ಒಂದು ಸಂಗತಿಯೇ ಮೂಲ: ಬಲೆಗೆ ಬಿದ್ದ ಕಡಲಾಮೆ ಸಾಯುವುದು ಹೆಚ್ಚಾಗಿ ಗಾಯದಿಂದಲ್ಲ, ಉಸಿರು ಕಟ್ಟಿ.

ಜಗತ್ತಿನಲ್ಲಿ ಕಡಲಾಮೆಯ ಪ್ರಭೇದಗಳು ಏಳು. ಭಾರತದ ಕಡಲಲ್ಲಿ ಐದು ಕಾಣಸಿಗುತ್ತವೆ: ಆಲಿವ್ ರಿಡ್ಲೆ, ಹಸಿರಾಮೆ, ಹಾಕ್ಸ್‌ಬಿಲ್, ಲೆದರ್‌ಬ್ಯಾಕ್ ಮತ್ತು ಅಪರೂಪಕ್ಕೆ ಲಾಗರ್‌ಹೆಡ್. ಮೊದಲ ನಾಲ್ಕು ನಮ್ಮ ತೀರಗಳಲ್ಲಿ ಮೊಟ್ಟೆಯಿಡುತ್ತವೆ. ಉಳಿದೆರಡರಲ್ಲಿ ಕೆಂಪ್ಸ್ ರಿಡ್ಲೆ ಬಹುಮಟ್ಟಿಗೆ ಮೆಕ್ಸಿಕೋ ಕೊಲ್ಲಿಯದು, ಫ್ಲಾಟ್‌ಬ್ಯಾಕ್ ಆಸ್ಟ್ರೇಲಿಯಾದ ಸುತ್ತಮುತ್ತಲಿನದು. ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ ಕೆಂಪು ಪಟ್ಟಿಯಲ್ಲಿ ಹಾಕ್ಸ್‌ಬಿಲ್ ಹಾಗೂ ಕೆಂಪ್ಸ್ ರಿಡ್ಲೆ ಅತಿ ಗಂಭೀರ ಅಪಾಯದ ವರ್ಗದಲ್ಲಿವೆ. ಆಲಿವ್ ರಿಡ್ಲೆ, ಲೆದರ್‌ಬ್ಯಾಕ್ ಮತ್ತು ಲಾಗರ್‌ಹೆಡ್ ಅಪಾಯಕ್ಕೆ ಈಡಾಗಬಲ್ಲವು ಎಂಬ ವರ್ಗದಲ್ಲಿವೆ.

ಜನ ಕಡಲಾಮೆಯನ್ನು ಕಾಪಾಡಹೊರಟಾಗಲೆಲ್ಲ ಮೊದಲು ಕೈ ಹಾಕಿದ್ದು ಮೊಟ್ಟೆಗೆ. ಮೊಟ್ಟೆ ಕಣ್ಣಿಗೆ ಕಾಣುತ್ತದೆ, ಎಣಿಸಬಹುದು, ಬೇಲಿ ಕಟ್ಟಬಹುದು. ಮರಿಗಳನ್ನು ಕಡಲಿಗೆ ಬಿಡುವಾಗ ಫೋಟೋ ತೆಗೆಯಬಹುದು. ಆದರೆ ಕಳೆದ ಐವತ್ತು ವರ್ಷಗಳ ಅನುಭವವನ್ನು ಒಟ್ಟಾಗಿ ನೋಡಿದರೆ ಕಡಲಾಮೆಯ ಅಳಿವು ಉಳಿವು ನಿರ್ಧಾರವಾಗುವುದು ದಡದ ಗೂಡಿನಲ್ಲಿ ಅಲ್ಲ, ದಡದಿಂದ ಕೆಲವು ಕಿಲೋಮೀಟರ್ ಆಚೆ, ಬಲೆ ಇಳಿಯುವ ನೀರಿನಲ್ಲಿ.

ಬದುಕು

ಭಾರತದಲ್ಲಿ ಅತಿ ಹೆಚ್ಚು ಸಂಖ್ಯೆಯಲ್ಲಿರುವುದು ಆಲಿವ್ ರಿಡ್ಲೆ. ಚಿಪ್ಪಿನ ಉದ್ದ ಸುಮಾರು 60ರಿಂದ 70 ಸೆಂ.ಮೀ.; ಕಡಲಾಮೆಗಳಲ್ಲಿ ಕೆಂಪ್ಸ್ ರಿಡ್ಲೆಯೊಡನೆ ಇದೇ ಚಿಕ್ಕದು. ಹೆಣ್ಣು ರಾತ್ರಿ ಹೊತ್ತು ದಡಕ್ಕೆ ಬಂದು, ಹಿಂಗಾಲುಗಳಿಂದ ಹೂಜಿಯಾಕಾರದ ಗುಂಡಿ ತೋಡಿ, ನೂರು ನೂರಿಪ್ಪತ್ತು ಮೊಟ್ಟೆಯಿಟ್ಟು, ಹೊಯಿಗೆ ಮುಚ್ಚಿ ಹಿಂದಿರುಗುತ್ತದೆ. ತಾಯಿಯ ಕೆಲಸ ಅಲ್ಲಿಗೆ ಮುಗಿಯಿತು. ಸುಮಾರು 45ರಿಂದ 55 ದಿನಗಳಲ್ಲಿ ಮರಿಗಳು ಒಟ್ಟಾಗಿ ಮೇಲೇರುತ್ತವೆ. ಮರಿ ಗಂಡೋ ಹೆಣ್ಣೋ ಎಂಬುದನ್ನು ಗೂಡಿನ ಬಿಸಿ ತೀರ್ಮಾನಿಸುತ್ತದೆ: 29 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಎರಡೂ ಸರಿಸಮ, ಅದಕ್ಕಿಂತ ಬೆಚ್ಚಗಿದ್ದರೆ ಹೆಣ್ಣುಗಳೇ ಹೆಚ್ಚು. 2018ರಲ್ಲಿ ಪ್ರಕಟವಾದ ಅಧ್ಯಯನವೊಂದು ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫಿನ ಉತ್ತರ ಭಾಗದ ಎಳೆಯ ಹಸಿರಾಮೆಗಳಲ್ಲಿ ನೂರಕ್ಕೆ 99 ಹೆಣ್ಣೆಂದು ತೋರಿಸಿದ ಮೇಲೆ, ಭೂಮಿ ಬಿಸಿಯಾಗುವುದು ಕಡಲಾಮೆಗೆ ಏನು ಮಾಡೀತು ಎಂಬ ಪ್ರಶ್ನೆ ಊಹೆಯ ಮಟ್ಟದಲ್ಲಿ ಉಳಿದಿಲ್ಲ.

ಮರಿಗಳಲ್ಲಿ ಪ್ರಾಯಕ್ಕೆ ಬರುವುದು ಸಾವಿರಕ್ಕೆ ಒಂದು ಎಂದು ವಾಡಿಕೆಯಾಗಿ ಹೇಳುತ್ತಾರೆ. ಏಡಿ, ಕಾಗೆ, ನಾಯಿ, ನರಿ, ಮೀನು, ಎಲ್ಲರಿಗೂ ಅದರಲ್ಲಿ ಪಾಲಿದೆ. ಬದುಕಿ ಉಳಿದ ರಿಡ್ಲೆ ಮೊಟ್ಟೆಯಿಡಲು ಹತ್ತಕ್ಕೂ ಹೆಚ್ಚು ವರ್ಷ ಬೇಕು, ಹಸಿರಾಮೆಗೆ ಇನ್ನೂ ಬಹಳ. ಹೀಗೆ ದಶಕಗಟ್ಟಲೆ ಅಪಾಯ ದಾಟಿ ಬಂದ ಪ್ರಾಯದ ಆಮೆಯ ಬೆಲೆ ಒಂದು ಗೂಡಿನಷ್ಟು ಮರಿಗಳಿಗಿಂತ ಹೆಚ್ಚು. 1987ರಲ್ಲಿ ಕ್ರೌಸ್, ಕ್ರೌಡರ್ ಮತ್ತು ಕ್ಯಾಸ್ವೆಲ್ ಎಂಬ ವಿಜ್ಞಾನಿಗಳು ಅಮೆರಿಕದ ಲಾಗರ್‌ಹೆಡ್‌ಗಳ ಲೆಕ್ಕ ಹಾಕಿ ಇದನ್ನೇ ತೋರಿಸಿದರು: ಒಂದೂ ಮೊಟ್ಟೆ ಹಾಳಾಗದಂತೆ ನೋಡಿಕೊಂಡರೂ ಸಂಖ್ಯೆ ಇಳಿಯುತ್ತಲೇ ಹೋಗುತ್ತದೆ, ದೊಡ್ಡ ಮರಿಗಳೂ ಪ್ರಾಯದವೂ ಬಲೆಯಲ್ಲಿ ಸಾಯುವುದನ್ನು ತಡೆದರೆ ಮಾತ್ರ ಚೇತರಿಸುತ್ತದೆ. ಸಂರಕ್ಷಣೆಯ ಇತಿಹಾಸದಲ್ಲಿ ಇಷ್ಟು ಸರಳವಾಗಿ ದಿಕ್ಕು ಬದಲಿಸಿದ ಪ್ರಬಂಧಗಳು ಕಡಿಮೆ.

ಒಡಿಶಾ

ರಿಡ್ಲೆಗಳ ವಿಶೇಷ ಅರಿಬಾಡ. ಸಾವಿರ, ಲಕ್ಷ ಹೆಣ್ಣುಗಳು ಕೆಲವೇ ರಾತ್ರಿಗಳಲ್ಲಿ ಒಂದೇ ತೀರಕ್ಕೆ ಏರಿ ಮೊಟ್ಟೆಯಿಡುವ ಈ ವಿದ್ಯಮಾನ ಮೆಕ್ಸಿಕೋ, ಕೋಸ್ಟರಿಕಾ ಮತ್ತು ಒಡಿಶಾದಲ್ಲಿ ದೊಡ್ಡ ಪ್ರಮಾಣದಲ್ಲಿ ನಡೆಯುತ್ತದೆ. ಕೇಂದ್ರಪಾಡಾ ಜಿಲ್ಲೆಯ ಗಹಿರಮಥಾ ತೀರದ ವಿಷಯ ಅಲ್ಲಿನ ಊರಿನವರಿಗೆ ತಲೆತಲಾಂತರದಿಂದ ಗೊತ್ತಿತ್ತು. ಮೊಟ್ಟೆಗಳನ್ನು ದೋಣಿಗಟ್ಟಲೆ ಸಾಗಿಸುವ ವ್ಯಾಪಾರವಿತ್ತು, ಅದಕ್ಕೆ ಪರವಾನಗಿಯೂ ಇತ್ತು. ವಿಜ್ಞಾನಲೋಕಕ್ಕೆ ಅದನ್ನು 1974ರಲ್ಲಿ ತಿಳಿಸಿದವರು ಮೊಸಳೆ ಯೋಜನೆಗೆಂದು ಬಂದಿದ್ದ ರಾಬರ್ಟ್ ಬಸ್ಟರ್ಡ್. ದೇವಿ ನದಿಯ ಅಳಿವೆಯ ಅರಿಬಾಡ 1981ರಲ್ಲಿ, ಗಂಜಾಂ ಜಿಲ್ಲೆಯ ಋಷಿಕುಲ್ಯಾ ಅಳಿವೆಯದು 1994ರಲ್ಲಿ ದಾಖಲಾದವು. ಭಾರತದ ಕಡಲಾಮೆಗಳ ವಂಶವಾಹಿ ಅಧ್ಯಯನ ನಡೆಸಿದವರು, ಜಗತ್ತಿನ ಇತರ ಆಲಿವ್ ರಿಡ್ಲೆಗಳಿಗೆ ಹಿಂದೂ ಮಹಾಸಾಗರದ ಈ ಗುಂಪೇ ಮೂಲವಾಗಿರಬಹುದು ಎಂದಿದ್ದಾರೆ.

ಮೊಟ್ಟೆಯ ಪರವಾನಗಿ 1970ರ ದಶಕದಲ್ಲಿ ನಿಂತಿತು. ಅಷ್ಟರಲ್ಲಿ ಬೇರೆ ವ್ಯಾಪಾರ ಬೆಳೆದಿತ್ತು: ಯಾಂತ್ರಿಕ ದೋಣಿಗಳು ಕಡಲಲ್ಲೇ ಆಮೆ ಹಿಡಿದು, ಪಶ್ಚಿಮ ಬಂಗಾಳದ ದಿಘಾ ಕಡೆಯಿಂದ ಕೋಲ್ಕತ್ತದ ಮಾರುಕಟ್ಟೆಗೆ ಮಾಂಸಕ್ಕಾಗಿ ಕಳುಹಿಸುತ್ತಿದ್ದವು. ವರ್ಷಕ್ಕೆ ಹತ್ತಾರು ಸಾವಿರ ಆಮೆಗಳು ಹೀಗೆ ಹೋದವು. ವನ್ಯಜೀವಿ ಕಾಯಿದೆಯ ಮೊದಲ ಪರಿಚ್ಛೇದಕ್ಕೆ ಆಲಿವ್ ರಿಡ್ಲೆ 1977ರಲ್ಲೇ ಸೇರಿದ್ದರೂ ಮಾರುಕಟ್ಟೆ ನಿಂತಿರಲಿಲ್ಲ. ಮದ್ರಾಸ್ ಹಾವಿನ ಉದ್ಯಾನದಲ್ಲಿ ಕೆಲಸ ಮಾಡುತ್ತಿದ್ದ ಯುವ ಉರಗತಜ್ಞೆ ಜೆ. ವಿಜಯ ದಿಘಾಕ್ಕೆ ಹೋಗಿ ತೆಗೆದ ಚಿತ್ರಗಳು 1982ರಲ್ಲಿ ಇಂಡಿಯಾ ಟುಡೇ ಪತ್ರಿಕೆಯಲ್ಲಿ ಬಂದವು. ಪ್ರಧಾನಿ ಇಂದಿರಾ ಗಾಂಧಿಯವರ ಗಮನಕ್ಕೆ ಬಿದ್ದು ಕರಾವಳಿ ರಕ್ಷಣಾ ಪಡೆ ರಂಗಕ್ಕಿಳಿಯಿತು. ಆ ಪಡೆ ಇಂದಿಗೂ ಪ್ರತಿವರ್ಷ ಒಲಿವಿಯಾ ಹೆಸರಿನ ಕಾರ್ಯಾಚರಣೆ ನಡೆಸುತ್ತದೆ. 1987ರಲ್ಲಿ ಇನ್ನೂ ಮೂವತ್ತು ತುಂಬುವ ಮೊದಲೇ ತೀರಿಕೊಂಡ ವಿಜಯ ಅವರ ನೆನಪಿಗೆ ಪಶ್ಚಿಮಘಟ್ಟದ ಕಾಡಾಮೆಯೊಂದಕ್ಕೆ ವಿಜಯಕೆಲಿಸ್ ಎಂಬ ಕುಲನಾಮ ಇಟ್ಟಿದ್ದಾರೆ. ಕರ್ನಾಟಕದ ಮಳೆಕಾಡುಗಳಲ್ಲೂ ಇರುವ ಆಮೆ ಅದು.

ಮಾಂಸದ ವ್ಯಾಪಾರ ಇಳಿದ ಮೇಲೆ ಸಾವು ನಿಲ್ಲಲಿಲ್ಲ, ದಾರಿ ಬದಲಾಯಿಸಿತು. 1990ರ ದಶಕದ ನಡುವಿನಿಂದ ಒಡಿಶಾದ ತೀರಕ್ಕೆ ಕೆಲವು ವರ್ಷಗಳಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಸತ್ತ ರಿಡ್ಲೆಗಳು ಬಂದು ಬಿದ್ದವು. ಈಗ ಯಾರೂ ಅವನ್ನು ಬೇಟೆಯಾಡುತ್ತಿರಲಿಲ್ಲ. ಸೀಗಡಿಗೆ ಎಳೆದ ಟ್ರಾಲ್ ಬಲೆಯಲ್ಲಿ ಅವು ಮುಳುಗುತ್ತಿದ್ದವು. 1997ರಲ್ಲಿ 1,435 ಚದರ ಕಿ.ಮೀ. ವಿಸ್ತಾರದ ಗಹಿರಮಥಾ ಕಡಲ ವನ್ಯಧಾಮ ಘೋಷಣೆಯಾಯಿತು. ಧಾಮ್ರಾ, ದೇವಿ, ಋಷಿಕುಲ್ಯಾ ಅಳಿವೆಗಳ ಸುತ್ತ 20 ಕಿ.ಮೀ. ನೀರಿನಲ್ಲಿ ಪ್ರತಿವರ್ಷ ನವೆಂಬರ್ 1ರಿಂದ ಮೇ 31ರವರೆಗೆ ಮೀನುಗಾರಿಕೆಗೆ ತಡೆ ಬಂತು.

ಏಳು ತಿಂಗಳ ತಡೆ ಎಂದರೆ ದೊಡ್ಡ ಟ್ರಾಲರ್ ಮಾಲೀಕನಿಗೆ ನಷ್ಟ, ನಾಡದೋಣಿಯವನಿಗೆ ಹಸಿವು. ಆಮೆ ಕೊಂದದ್ದು ಹೆಚ್ಚಾಗಿ ಟ್ರಾಲ್; ಕೇಸು ಬಿದ್ದದ್ದು, ದೋಣಿ ಕಳೆದುಕೊಂಡದ್ದು ಸಣ್ಣ ಮೀನುಗಾರರು ಎಂಬ ದೂರು ಒಡಿಶಾದ ಹಳ್ಳಿಗಳಲ್ಲಿ ಎರಡು ದಶಕಗಳಿಂದ ಕೇಳುತ್ತಿದೆ, ಅದರಲ್ಲಿ ಹುರುಳಿದೆ. ಮೀನುಗಾರ ಸಂಘಟನೆಗಳು, ಪರಿಸರ ಸಂಸ್ಥೆಗಳು ಮತ್ತು ವಿಜ್ಞಾನಿಗಳು 2004ರಲ್ಲಿ ಒಂದೇ ಒಕ್ಕೂಟದಡಿ ಕೂತದ್ದು ಈ ಒಡಕನ್ನು ಮುಚ್ಚುವುದಕ್ಕೆ. ಋಷಿಕುಲ್ಯಾದಲ್ಲಿ ಇದು ಮಾತಿಗಿಂತ ಮುಂದೆ ಹೋಯಿತು: ಪುರುಣಬಂಧ, ಗೋಖರ್‌ಕುಡ ಮೊದಲಾದ ಊರುಗಳ ಯುವಕರು ಸಂಶೋಧಕರ ಸಹಾಯಕರಾಗಿ, ಗೂಡಿನ ಕಾವಲುಗಾರರಾಗಿ, ದೀಪ ನೋಡಿ ದಾರಿ ತಪ್ಪಿದ ಮರಿಗಳನ್ನು ಬಕೆಟ್ಟಿನಲ್ಲಿ ಕಡಲಿಗೆ ತಲುಪಿಸುವವರಾಗಿ ನಿಂತರು.

ಅರಿಬಾಡ ನಂಬಿ ಕೂರುವ ಸಂಗತಿಯಲ್ಲ. ಗಹಿರಮಥಾದಲ್ಲಿ ಕೆಲವು ವರ್ಷ ಅದು ನಡೆಯಲೇ ಇಲ್ಲ. 1989ರಲ್ಲಿ ಮರಳುದಿಣ್ಣೆ ತುಂಡಾಗಿ ದ್ವೀಪವಾದ ಮೇಲೆ ಮೊಟ್ಟೆಯಿಡುವ ಜಾಗ ಕಿರಿದಾಯಿತು. 2025ರಲ್ಲಿ ಇದಕ್ಕೆ ವಿರುದ್ಧ: ಅರಣ್ಯ ಇಲಾಖೆಯ ಲೆಕ್ಕದ ಪ್ರಕಾರ ಫೆಬ್ರವರಿಯಲ್ಲಿ ಋಷಿಕುಲ್ಯಾಕ್ಕೆ ಸುಮಾರು ಏಳು ಲಕ್ಷ, ಮಾರ್ಚಿನಲ್ಲಿ ಗಹಿರಮಥಾಕ್ಕೆ ಆರು ಲಕ್ಷ ಆಮೆಗಳು ಬಂದವು. ಅದೇ ವರ್ಷ ಜನವರಿಯಲ್ಲಿ ಚೆನ್ನೈ ಸುತ್ತಲಿನ ತೀರಕ್ಕೆ ಸಾವಿರಕ್ಕೂ ಹೆಚ್ಚು ಸತ್ತ ರಿಡ್ಲೆಗಳು ಬಂದು ಬಿದ್ದಿದ್ದವು. ಇವೆರಡರಲ್ಲಿ ಒಂದನ್ನು ಮಾತ್ರ ಓದಿದವರಿಗೆ ಅರ್ಧ ಚಿತ್ರ ಸಿಗುತ್ತದೆ.

ಬಲೆ, ಬಾಗಿಲು, ನ್ಯಾಯಮಂಡಳಿ

ಟ್ರಾಲ್ ಬಲೆಯ ಕೊನೆಯ ಚೀಲಕ್ಕೆ ಮೊದಲು ಕಂಬಿಗಳ ಓರೆ ಚೌಕಟ್ಟೊಂದನ್ನು ಕೂರಿಸಿ ಮೇಲೆ ಅಥವಾ ಕೆಳಗೆ ಬಾಗಿಲು ಬಿಟ್ಟರೆ, ಸೀಗಡಿ ಕಂಬಿಗಳ ನಡುವೆ ತೂರಿ ಚೀಲ ಸೇರುತ್ತದೆ. ಆಮೆ ಕಂಬಿಗೆ ತಾಗಿ ಬಾಗಿಲಿನಿಂದ ಹೊರಬೀಳುತ್ತದೆ. ಟೆಡ್ ಎಂದು ಕರೆಯುವ ಈ ಆಮೆತಡೆ ಸಾಧನವನ್ನು ಅಮೆರಿಕ 1987ರಿಂದ ತನ್ನ ಸೀಗಡಿ ದೋಣಿಗಳಿಗೆ ಕಡ್ಡಾಯಗೊಳಿಸಿತು. 1989ರ ಕಾನೂನಿನಡಿ, ಇಂಥ ವ್ಯವಸ್ಥೆ ಇಲ್ಲದ ದೇಶಗಳ ಕಡಲ ಸೀಗಡಿಯನ್ನು ಕೊಳ್ಳುವುದಿಲ್ಲ ಎಂದಿತು. ಭಾರತ, ಮಲೇಷ್ಯಾ, ಪಾಕಿಸ್ತಾನ, ಥಾಯ್ಲೆಂಡ್ ಒಟ್ಟಾಗಿ ವಿಶ್ವ ವ್ಯಾಪಾರ ಸಂಸ್ಥೆಯ ಮೆಟ್ಟಿಲೇರಿದವು. 1998ರ ಮೇಲ್ಮನವಿ ತೀರ್ಪು ನಾಜೂಕಾದದ್ದು: ಆಮೆ ಕಾಪಾಡುವ ಉದ್ದೇಶ ಸರಿ, ಅದನ್ನು ದೇಶದೇಶಗಳ ನಡುವೆ ತಾರತಮ್ಯ ಮಾಡಿ ಹೇರಿದ ರೀತಿ ತಪ್ಪು. ಪರಿಸರಕ್ಕಾಗಿ ವ್ಯಾಪಾರ ತಡೆಯಬಹುದೇ ಎಂಬ ಚರ್ಚೆಯಲ್ಲಿ ಇಂದಿಗೂ ಉಲ್ಲೇಖವಾಗುವ ಮೊಕದ್ದಮೆ ಇದು.

ಕೊಚ್ಚಿಯ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆ ನಮ್ಮ ದೋಣಿಗಳಿಗೆ ಹೊಂದುವ ಟೆಡ್ ರೂಪಿಸಿತು, ಒಡಿಶಾ ಅದನ್ನು ಕಡ್ಡಾಯ ಮಾಡಿತು. ಬಳಕೆ ಮಾತ್ರ ಹಿಂದೆಬಿತ್ತು. ಬಾಗಿಲಿನಿಂದ ಆಮೆಯ ಜೊತೆ ಸ್ವಲ್ಪ ಮೀನೂ ಹೋಗುತ್ತದೆ ಎಂಬುದು ದೋಣಿಯವರ ಅಳಲು. ಡೀಸೆಲ್ ಬೆಲೆಯ ಈ ಕಾಲದಲ್ಲಿ ಆ ಸ್ವಲ್ಪವೇ ಲಾಭ. 2019ರಲ್ಲಿ ಅಮೆರಿಕ ಭಾರತದ ಕಡಲ ಸೀಗಡಿಯ ಆಮದನ್ನು ಮತ್ತೆ ನಿಲ್ಲಿಸಿತು. ಸಾಕಿದ ಸೀಗಡಿಗೆ ಈ ನಿಷೇಧ ಇಲ್ಲವಾದ್ದರಿಂದ ಪೆಟ್ಟು ಬಿದ್ದದ್ದು ಬೋಟಿನವರಿಗೆ. ಕೊನೆಗೆ ಟೆಡ್ ಬಲೆಗೆ ಏರುವುದಾದರೆ ಅದಕ್ಕೆ ಅರಣ್ಯ ಇಲಾಖೆಯ ದಂಡಕ್ಕಿಂತ ರಫ್ತಿನ ಒತ್ತಡ ಹೆಚ್ಚಿನ ಕಾರಣವಾಗಬಹುದು.

ಬಲೆಯ ನಂತರದ ಶತ್ರು ದೀಪ. ಗೂಡಿನಿಂದ ಎದ್ದ ಮರಿ ಕತ್ತಲಲ್ಲಿ ಹೆಚ್ಚು ಬೆಳಕಿರುವ ದಿಗಂತವನ್ನು ಕಡಲೆಂದು ನಂಬಿ ನಡೆಯುತ್ತದೆ. ಬೀದಿದೀಪ, ರೆಸಾರ್ಟು, ಕಾರ್ಖಾನೆಗಳ ಬೆಳಕು ಅದನ್ನು ಒಳನಾಡಿಗೆ ಸೆಳೆಯುತ್ತದೆ. ಗಹಿರಮಥಾದ ಸಮೀಪದ ಕ್ಷಿಪಣಿ ಪರೀಕ್ಷಾ ದ್ವೀಪದ ದೀಪಗಳ ಮೇಲೆ ಇದೇ ಆಕ್ಷೇಪ ಬಹುಕಾಲ ಇತ್ತು. ಕಡಲ್ಕೊರೆತ ತಡೆಯಲು ಹಾಕುವ ಬಂಡೆಗೋಡೆ, ದಂಡೆಯ ತುದಿಯವರೆಗೂ ನೆಟ್ಟ ಗಾಳಿಮರ, ಬಂದರಿನ ತಡೆಗೋಡೆ ಇವೆಲ್ಲ ಮೊಟ್ಟೆಯಿಡುವ ಜಾಗವನ್ನೇ ತೆಗೆದುಬಿಡುತ್ತವೆ. ಗಾಳಿಮರ ನೆಟ್ಟವರು ಹಸಿರು ಬೆಳೆಸಿದೆವು ಎಂದುಕೊಂಡಿರುತ್ತಾರೆ. ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ ಆಮೆ ಮೊಟ್ಟೆಯಿಡುವ ತೀರಗಳನ್ನು ಅತಿ ಸೂಕ್ಷ್ಮ ವರ್ಗಕ್ಕೆ ಸೇರಿಸಿದೆ. ಆದ್ದರಿಂದಲೇ ಒಂದು ತೀರ ಆಮೆಯದ್ದು ಹೌದೋ ಅಲ್ಲವೋ ಎಂಬ ಪ್ರಶ್ನೆ ಬಂದರು ಕಟ್ಟುವವರಿಗೂ ಬೇಡವೆನ್ನುವವರಿಗೂ ಇಷ್ಟು ಮುಖ್ಯ.

ದಡದ ಜನ

ಭಾರತದಲ್ಲಿ ತೀರ ಕಾಯುವ ಕೆಲಸ ಸರ್ಕಾರದಿಂದ ಶುರುವಾಗಲಿಲ್ಲ. 1970ರ ದಶಕದ ಆರಂಭದಲ್ಲಿ ಮದ್ರಾಸ್ ಹಾವಿನ ಉದ್ಯಾನದ ಸುತ್ತ ಸೇರಿದ ಯುವಕರು ರಾತ್ರಿ ತೀರದುದ್ದಕ್ಕೂ ನಡೆದು ಮೊಟ್ಟೆ ಸಂಗ್ರಹಿಸಿ ಮರಿ ಮಾಡಿಸತೊಡಗಿದರು. 1988ರಿಂದ ವಿದ್ಯಾರ್ಥಿಗಳ ಜಾಲವೊಂದು ಆ ನಡಿಗೆಯನ್ನು ಮುಂದುವರಿಸಿದೆ. ಹಾವಿನ ಉದ್ಯಾನದ ಆ ಮೊದಲ ಗುಂಪಿನ ಸತೀಶ್ ಭಾಸ್ಕರ್ ದೇಶದ ಕರಾವಳಿಯನ್ನು ಸಾವಿರಾರು ಕಿಲೋಮೀಟರ್ ಕಾಲ್ನಡಿಗೆಯಲ್ಲಿ ಅಳೆದವರು. ಲಕ್ಷದ್ವೀಪದಲ್ಲಿ ಹಸಿರಾಮೆ ಮೊಟ್ಟೆಯಿಡುವುದು ಮಳೆಗಾಲದಲ್ಲಿ, ಆಗ ದೋಣಿ ಹೋಗುವುದಿಲ್ಲ ಎಂಬ ಕಾರಣಕ್ಕೆ 1982ರ ಮಳೆಗಾಲವಿಡೀ ನಿರ್ಜನ ಸುಹೇಲಿ ದ್ವೀಪದಲ್ಲಿ ಒಬ್ಬರೇ ಉಳಿದರು. ಅಲ್ಲಿಂದ ಹೆಂಡತಿಗೆ ಬರೆದ ಕಾಗದವನ್ನು ಸೀಸೆಯಲ್ಲಿಟ್ಟು ಕಡಲಿಗೆ ಎಸೆದದ್ದು ಶ್ರೀಲಂಕಾದ ಮೀನುಗಾರನೊಬ್ಬನಿಗೆ ಸಿಕ್ಕಿ ಅಂಚೆಯ ಮೂಲಕ ತಲುಪಿತು. ಕತೆ ರೋಚಕವೇ ಸರಿ. ಆದರೆ ಭಾರತದ ಯಾವ ತೀರದಲ್ಲಿ ಯಾವ ಆಮೆ ಎಂಬ ಇಂದಿನ ನಕ್ಷೆಗೆ ತಳಪಾಯ ಹಾಕಿದ್ದು ಅವರ ಟಿಪ್ಪಣಿಗಳು ಎಂಬುದು ಅದಕ್ಕಿಂತ ದೊಡ್ಡ ಮಾತು. ಅವರು 2023ರಲ್ಲಿ ತೀರಿಕೊಂಡರು.

ಕೇರಳದ ಕೋಳಿಕ್ಕೋಡ್ ಜಿಲ್ಲೆಯ ಕೊಳಾವಿಪಾಲಂನಲ್ಲಿ 1990ರ ದಶಕದ ಮೊದಲಿಗೆ ಮೀನುಗಾರ ಯುವಕರೇ ತೀರ ಸಂರಕ್ಷಣಾ ಸಮಿತಿ ಕಟ್ಟಿದರು; ಅಳಿವೆಯ ಮರಳು ತೆಗೆಯುವವರ ವಿರುದ್ಧ ಅವರು ಹೋರಾಡಬೇಕಾಯಿತು. ಮಹಾರಾಷ್ಟ್ರದ ವೇಳಾಸದಲ್ಲಿ ಚಿಪಳೂಣಿನ ಸಹ್ಯಾದ್ರಿ ನಿಸರ್ಗ ಮಿತ್ರ 2002ರಿಂದ ಗೂಡು ಕಾಯುತ್ತಾ, ಮರಿ ಬಿಡುವ ದಿನಗಳನ್ನು ಆಮೆ ಉತ್ಸವವಾಗಿಸಿತು. ನೋಡಲು ಬಂದವರು ಊರಿನ ಮನೆಗಳಲ್ಲೇ ಉಳಿದು ಉಣ್ಣುತ್ತಾರೆ, ಹಣ ಊರಿಗೆ ಸಿಗುತ್ತದೆ. ಇನ್ನೂ ಧೈರ್ಯದ ಪ್ರಯೋಗ ಕೋಸ್ಟರಿಕಾದ ಒಸ್ತಿಯೊನಾಲಿನದು: ಅರಿಬಾಡದ ಮೊದಲ ರಾತ್ರಿಗಳ ಮೊಟ್ಟೆಗಳನ್ನು ನಂತರ ಬರುವ ಆಮೆಗಳೇ ತೋಡಿ ಹಾಳುಮಾಡುತ್ತವೆ ಎಂಬ ಆಧಾರದ ಮೇಲೆ, 1980ರ ದಶಕದಿಂದ ಆ ಮೊಟ್ಟೆಗಳ ಒಂದು ಪಾಲನ್ನು ಊರವರು ಕಾನೂನುಬದ್ಧವಾಗಿ ಮಾರುತ್ತಾರೆ, ಬದಲಿಗೆ ತೀರ ಕಾಯುತ್ತಾರೆ. ಮೊದಲ ಪರಿಚ್ಛೇದದ ಪ್ರಾಣಿಯ ವಿಷಯದಲ್ಲಿ ಏಳು ವರ್ಷದವರೆಗೆ ಸೆರೆವಾಸವಿರುವ ಭಾರತದ ಕಾನೂನಿನಲ್ಲಿ ಇಂಥದ್ದಕ್ಕೆ ಜಾಗವಿಲ್ಲ.

ಮೊಟ್ಟೆಗಳನ್ನು ತಂದು ಬೇಲಿಯೊಳಗೆ ಹೂಳುವ ಹ್ಯಾಚರಿಗಳ ಬಗ್ಗೆ ತಜ್ಞರಲ್ಲಿ ಒಮ್ಮತವಿಲ್ಲ. ಇಟ್ಟ ಕೆಲವೇ ಗಂಟೆಗಳಲ್ಲಿ ಸಾಗಿಸದಿದ್ದರೆ ಅಲುಗಾಟಕ್ಕೆ ಭ್ರೂಣ ಸಾಯುತ್ತದೆ. ಬಿಸಿಲಿಗೆ ತೆರೆದ ಹ್ಯಾಚರಿ ಹೆಣ್ಣುಗಳನ್ನೇ ತಯಾರಿಸಬಹುದು. ಅತಿಥಿಗಳು ಬರಲೆಂದು ಮರಿಗಳನ್ನು ತೊಟ್ಟಿಯಲ್ಲಿ ತಡೆಹಿಡಿದರೆ ಕಡಲಲ್ಲಿ ಈಜಲು ಬೇಕಾದ ಕಸುವು ಅಲ್ಲೇ ಸೋರಿಹೋಗುತ್ತದೆ. ನಾಯಿ ಅಥವಾ ಕಳ್ಳರ ಕಾಟ ಇಲ್ಲದಲ್ಲಿ ಗೂಡನ್ನು ಇದ್ದಲ್ಲೇ ಬಿಟ್ಟು ಕಾಯುವುದು ಲೇಸು. ಮರಿಗಳನ್ನು ಕೈಗೆತ್ತಿಕೊಂಡು ಸೆಲ್ಫಿ ತೆಗೆಯುವುದರಿಂದ ಆಮೆಗೆ ಸಿಗುವ ನೆರವು ಸೊನ್ನೆ.

ಕರ್ನಾಟಕ

ಸುಮಾರು 320 ಕಿ.ಮೀ. ಉದ್ದದ ಕರ್ನಾಟಕ ಕರಾವಳಿಯಲ್ಲಿ ಅರಿಬಾಡ ಇಲ್ಲ. ಕಾರವಾರ, ಅಂಕೋಲಾ, ಹೊನ್ನಾವರ, ಬೈಂದೂರು, ಕುಂದಾಪುರದ ತೀರಗಳಲ್ಲಿ ಡಿಸೆಂಬರಿನಿಂದ ಮಾರ್ಚಿನವರೆಗೆ ಒಂಟಿ ಒಂಟಿಯಾಗಿ ಆಲಿವ್ ರಿಡ್ಲೆಗಳು ಬರುತ್ತವೆ. ಹಸಿರಾಮೆ ಭಟ್ಕಳದ ಆಚೆಗಿನ ನೇತ್ರಾಣಿಯ ಸುತ್ತ ಮುಳುಗುಗಾರರಿಗೆ ಕಾಣಸಿಗುತ್ತದೆ. ಕುಂದಾಪುರದ ಕೋಡಿಯಲ್ಲಿ ಎಫ್‌ಎಸ್‌ಎಲ್ ಇಂಡಿಯಾ ಸ್ವಯಂಸೇವಕರ ನೆರವಿನಿಂದ ಗೂಡು ಕಾಯುವ ಕೆಲಸ ನಡೆಸಿತು. ಗೂಡು ತೋರಿಸಿದ ಮೀನುಗಾರರಿಗೆ ಸಣ್ಣ ಬಹುಮಾನ ಕೊಡುವ ಪದ್ಧತಿ ಕರಾವಳಿಯಲ್ಲಿ ರೂಢಿಗೆ ಬಂತು. ಮಂಗಳೂರು ಬಳಿಯ ಸಸಿಹಿತ್ಲು, ತಣ್ಣೀರುಬಾವಿ ಕಡೆ 2024ರಲ್ಲಿ ಗೂಡುಗಳು ಸಿಕ್ಕಾಗ ಅರಣ್ಯ ಇಲಾಖೆ ಅಲ್ಲಿ ಕಾವಲು ಹಾಕಿತು.

ಹೊನ್ನಾವರದ ಶರಾವತಿ ಅಳಿವೆಯ ಪಕ್ಕದ ಕಾಸರಕೋಡು ಟೊಂಕದಲ್ಲಿ ವಿಷಯ ಗೂಡಿನಿಂದ ಬೀದಿಗೆ ಬಂದಿದೆ. ಅಲ್ಲಿನ ಖಾಸಗಿ ಬಂದರು ಯೋಜನೆಯ ವಿರುದ್ಧ ಮೀನುಗಾರ ಕುಟುಂಬಗಳು ವರ್ಷಗಳಿಂದ ಪ್ರತಿಭಟಿಸುತ್ತಿವೆ. ಒಣಮೀನು ಹರಡುವ ಜಾಗ ಹೋಗುತ್ತದೆ ಎಂಬ ವಾದದ ಜೊತೆಗೆ ಇದು ಕಡಲಾಮೆ ಮೊಟ್ಟೆಯಿಡುವ ತೀರ ಎಂಬ ವಾದವೂ ನಿಂತಿದೆ. ಒಡಿಶಾದಲ್ಲಿ ಆಮೆಯ ಹೆಸರಿನಲ್ಲಿ ಮೀನುಗಾರನ ದಾರಿ ಮುಚ್ಚಿತು. ಟೊಂಕದಲ್ಲಿ ಮೀನುಗಾರನೇ ಆಮೆಯನ್ನು ಸಾಕ್ಷಿಗೆ ಕರೆದಿದ್ದಾನೆ. ಈ ಭಾಗದಲ್ಲಿ ಅಪ್ಸರಕೊಂಡ–ಮುಗಳಿ ಕಡಲ ವನ್ಯಧಾಮವನ್ನೂ ರಾಜ್ಯ ಘೋಷಿಸಿದೆ.

ಕರ್ನಾಟಕದ ಮೀನುಗಾರಿಕೆ ರಜೆ ಜೂನ್, ಜುಲೈ ತಿಂಗಳದು. ಮೀನಿನ ಮರಿಗೆ ಅದು ಒಳ್ಳೆಯದೇ, ಆದರೆ ರಿಡ್ಲೆಗಳು ದಡಕ್ಕೆ ಬರುವ ಚಳಿಗಾಲದಲ್ಲಿ ಟ್ರಾಲ್, ಪರ್ಸೀನ್, ಕಂತಬಲೆಗಳೆಲ್ಲ ನೀರಿನಲ್ಲೇ ಇರುತ್ತವೆ. ಸಂಖ್ಯೆ ಕಡಿಮೆಯಿರುವ ಪಶ್ಚಿಮ ಕರಾವಳಿಯಲ್ಲಿ ಪ್ರತಿ ಹೆಣ್ಣಿನ ಸಾವೂ ಹೆಚ್ಚು ತೂಕದ್ದು. ಸಿಕ್ಕ ಆಮೆಯನ್ನು ಬಲೆ ಕತ್ತರಿಸಿ ಬಿಟ್ಟವರಿಗೆ ಬಲೆಯ ಬೆಲೆ ಕಟ್ಟಿಕೊಡುವ ಯೋಜನೆ ಮಹಾರಾಷ್ಟ್ರದಲ್ಲಿದೆ. ಹ್ಯಾಚರಿಗಿಂತ ಇದು ನಮ್ಮ ಬಂದರುಗಳಿಗೆ ಹೆಚ್ಚು ಹೊಂದುವ ಮಾದರಿ.

ಎರಡು ಕರಾವಳಿಯ ಆಮೆಗಳು ಬೇರೆ ಬೇರೆ ಎಂಬ ನಂಬಿಕೆಗೂ ಈಚೆಗೆ ಪೆಟ್ಟು ಬಿದ್ದಿದೆ. 2021ರಲ್ಲಿ ಒಡಿಶಾದಲ್ಲಿ 03233 ಸಂಖ್ಯೆಯ ಬಿಲ್ಲೆ ಕಟ್ಟಿಸಿಕೊಂಡ ರಿಡ್ಲೆಯೊಂದು 2025ರ ಜನವರಿಯಲ್ಲಿ ಮಹಾರಾಷ್ಟ್ರದ ಗುಹಾಗರದಲ್ಲಿ ಮೊಟ್ಟೆಯಿಟ್ಟಿತು. ಕನ್ಯಾಕುಮಾರಿಯನ್ನೋ ಶ್ರೀಲಂಕಾವನ್ನೋ ಸುತ್ತಿ ಬಂದ ಈ ಆಮೆ ಕರ್ನಾಟಕದ ನೀರಿನ ಮೂಲಕವೇ ಹೋಗಿರಬೇಕು.

ದ್ವೀಪಗಳು

ಐನೂರು ಕಿಲೋ ತೂಗಬಲ್ಲ, ಅಂಬಲಿಮೀನುಗಳನ್ನೇ ತಿಂದು ಬದುಕುವ ಲೆದರ್‌ಬ್ಯಾಕ್ ಭಾರತದಲ್ಲಿ ಮೊಟ್ಟೆಯಿಡುವುದು ಅಂಡಮಾನ್ ಮತ್ತು ನಿಕೋಬಾರ್ ದ್ವೀಪಗಳಲ್ಲಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕಾರ್ತಿಕ್ ಶಂಕರ್ ಮತ್ತು ದಕ್ಷಿಣ್ ಫೌಂಡೇಶನ್ ತಂಡ ಲಿಟಲ್ ಅಂಡಮಾನಿನಲ್ಲಿ 2008ರಿಂದ ಇವನ್ನು ಅಧ್ಯಯನ ಮಾಡುತ್ತಿದೆ. ಉಪಗ್ರಹ ಸಾಧನ ಅಂಟಿಸಿದ ಕೆಲವು ಆಮೆಗಳು ಆಸ್ಟ್ರೇಲಿಯಾದತ್ತ, ಕೆಲವು ಆಫ್ರಿಕಾದತ್ತ ಹೋದವು. ಒಂದು 13,000 ಕಿ.ಮೀ.ಗೂ ಹೆಚ್ಚು ಈಜಿತು. ಗ್ರೇಟ್ ನಿಕೋಬಾರಿನ ಗಲಾಥಿಯಾ ಕೊಲ್ಲಿಯ ತೀರವನ್ನು 2004ರ ಸುನಾಮಿ ಕೊಚ್ಚಿತು, ಮರಳು ಮರಳಿತು, ಆಮೆಗಳೂ ಮರಳಿದವು. 1997ರಲ್ಲಿ ಆಮೆಗಾಗಿ ಅಲ್ಲಿ ಘೋಷಿಸಿದ್ದ ವನ್ಯಧಾಮ, ಬಂದರು ಕಟ್ಟುವುದಕ್ಕಾಗಿ 2021ರ ಜನವರಿಯಲ್ಲಿ ರದ್ದಾಯಿತು. ಅದೇ ತಿಂಗಳು ಕೇಂದ್ರ ಸರ್ಕಾರ ಹೊರತಂದ ರಾಷ್ಟ್ರೀಯ ಕಡಲಾಮೆ ಕ್ರಿಯಾಯೋಜನೆ ಗಲಾಥಿಯಾವನ್ನು ಮುಖ್ಯ ನೆಲೆಯೆಂದು ಪಟ್ಟಿ ಮಾಡಿತ್ತು.

ಲಕ್ಷದ್ವೀಪದ ಸಮಸ್ಯೆ ತಿರುವುಮುರುವಾದದ್ದು. ಅಗತ್ತಿ, ಕಡಮತ್ ದ್ವೀಪಗಳ ಲಗೂನಿನಲ್ಲಿ ಹಸಿರಾಮೆಗಳು ಕಿಕ್ಕಿರಿದು ಕಡಲಹುಲ್ಲನ್ನು ಬೋಳಾಗುವಷ್ಟು ಮೇಯ್ದವು. ಹುಲ್ಲು ಹೋದರೆ ಅದರಲ್ಲಿ ಬೆಳೆಯುವ ಮೀನೂ ಹೋಗುತ್ತದೆ, ಬಲೆಗಳೂ ಹರಿಯುತ್ತವೆ ಎಂದು ದ್ವೀಪದವರು ಆಮೆಯ ಮೇಲೆ ಸಿಟ್ಟಾದರು. ಮೈಸೂರಿನ ನೇಚರ್ ಕನ್ಸರ್ವೇಶನ್ ಫೌಂಡೇಶನ್ನಿನ ರೋಹನ್ ಆರ್ಥರ್ ಮತ್ತು ಸಂಗಡಿಗರು ಈ ಮೇವಿನ ಪರಿಣಾಮವನ್ನು ವರ್ಷಗಟ್ಟಲೆ ಅಳೆದರು. ಒಂದು ಲಗೂನಿನ ಹುಲ್ಲು ತೀರಿದ ಮೇಲೆ ಆಮೆಗಳು ಮತ್ತೊಂದಕ್ಕೆ ಹೋಗುವುದು ಕಂಡಿತು. ಹಸಿರಾಮೆಯ ಜಾಗತಿಕ ಸಂಖ್ಯೆ ಚೇತರಿಸಿದ ಕಾರಣ 2025ರ ಅಕ್ಟೋಬರಿನಲ್ಲಿ ಕೆಂಪು ಪಟ್ಟಿಯಲ್ಲಿ ಅದನ್ನು ಅಪಾಯದ ವರ್ಗದಿಂದ ಕನಿಷ್ಠ ಕಳವಳದ ವರ್ಗಕ್ಕೆ ಇಳಿಸಲಾಗಿದೆ. ಭಾರತದ ಕಾನೂನಿನಲ್ಲಿ ಅದರ ಸ್ಥಾನ ಬದಲಾಗಿಲ್ಲ. ಅಗತ್ತಿಯ ಮೀನುಗಾರನ ದೂರಿಗೆ ಪರಿಹಾರ ಕೊಡುವ ಕಲಮು ಆ ಕಾನೂನಿನಲ್ಲಿ ಸೇರಿಲ್ಲ.